ಇಂಜಿನ್ ಬಂದ್ ಮಾಡೋದು ಕಲಿಸಿದವರಿಗೆ

ಮೇ ತಿಂಗಳ ಕೊನೆಯ ವಾರ ಬೋಟಿನ ಸಾಲದ ಕೊನೇ ಕಂತು ಕಟ್ಟಿ ಬಂದೆ. ಮನೆಗೆ ಬಂದು ಹೆಂಡತಿಗೆ ರಸೀದಿ ತೋರಿಸಿದರೆ ಅವಳು ಅದನ್ನು ದೇವರ ಮುಂದಿಟ್ಟು, "ಮೊದ್ಲ ಮೇಡಮ್ಮಾರಿಗೆ ಫೋನ್ ಮಾಡ್ರಿ" ಅಂದಳು. ಮಾಡಿದೆ. ಹೇಳಬೇಕಾದ್ದು ಗಂಟಲಲ್ಲೇ ನಿಂತುಬಿಟ್ಟಿತು. ಈ ಸಲ ಮಳೆ ಬೇಗ ಬರುವಂತಿದೆ ಅಂತ ಎರಡು ನಿಮಿಷ ಮಾತಾಡಿ ಇಟ್ಟೆ. ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬರಲಿ ಅಂತ ಈಗ ಬರೆಯುತ್ತಿದ್ದೇನೆ.

ಮೇಡಂ ಅಂದರೆ ಇಲ್ಲಿ ಗೋವಾದಲ್ಲಿ ಡಾಲ್ಫಿನ್‌ಗಳ ಅಧ್ಯಯನ ಮಾಡುವ ಒಂದು ಸಂಸ್ಥೆ ನಡೆಸುವವರು. ಡಾಲ್ಫಿನ್ ತೋರಿಸುವ ಬೋಟು ಓಡಿಸುವ ನನಗೆ, ಅಟ್ಟದೆ ತೋರಿಸುವುದನ್ನು ಕಲಿಸಿದವರು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ನನ್ನ ಮಗಳು ಕೊಂಕಣಿಯಲ್ಲಿ ಓದಿ ಹೇಳುತ್ತೇನೆ ಅಂದಿದ್ದಾಳೆ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಬೋಟು ಹತ್ತುವವರಲ್ಲಿ ಅರ್ಧ ಜನ ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ, ಬೆಂಗಳೂರು ಕಡೆಯವರು. ಈ ಉಪಕಾರದ ಕತೆ ಅವರಿಗೂ ಗೊತ್ತಿರಲಿ. ಹೆಸರು ಹಾಕಬೇಡ ಅಂತ ಮೇಡಂ ಮೊದಲೇ ಎಚ್ಚರಿಸಿದ್ದಾರೆ, ಹಾಗಾಗಿ ಹಾಕಿಲ್ಲ.

ನಮ್ಮದು ಬಾದಾಮಿ ತಾಲೂಕು. ಅಪ್ಪ ಬರಗಾಲದ ವರ್ಷ ಗೋವಾದ ವಾಸ್ಕೋಗೆ ಬಂದು ಮಾರ್ಮುಗೋವಾ ಬಂದರಿನಲ್ಲಿ ಅದಿರು ತುಂಬುವ ಕೂಲಿ ಮಾಡಿದ. ನಾನು ಜುವಾರಿ ನದಿಯಲ್ಲಿ ಅದಿರು ಸಾಗಿಸುವ ಬಾರ್ಜಿನ ಮೇಲೆ ಹೆಲ್ಪರ್ ಆದೆ. 2012ರಲ್ಲಿ ಗೋವಾದ ಗಣಿಗಳು ನಿಂತವು. ಬಾರ್ಜುಗಳು ದಡಕ್ಕೆ ಕಟ್ಟಿದಲ್ಲೇ ತುಕ್ಕು ಹಿಡಿಯತೊಡಗಿದವು. ನಾವು ಕೆಲವರು ಊರಿಗೆ ಹೋದೆವು, ಕೆಲವರು ಸೆಕ್ಯುರಿಟಿ ಕೆಲಸಕ್ಕೆ ಸೇರಿದೆವು. ನಾನು ಮಾಂಡವಿ ನದಿ ದಾಟಿ ಆ ಕಡೆಯ ಬೀಚಿಗೆ ಹೋಗಿ 'ಡಾಲ್ಫಿನ್ ಟ್ರಿಪ್' ಬೋಟಿಗೆ ಜನ ಕೂಗುವ ಕೆಲಸ ಹಿಡಿದೆ. ಕನ್ನಡ ಬರುತ್ತದೆ ಅನ್ನುವುದೇ ನನ್ನ ಯೋಗ್ಯತೆ. "ಬರ್ರಿ ಅಣ್ಣಾರ, ಬರ್ರಿ ಅಕ್ಕಾರ, ಡಾಲ್ಫಿನ್ ಕಾಣಲಿಲ್ಲಂದ್ರ ರೊಕ್ಕ ವಾಪಸ್!"

ಆ 'ರೊಕ್ಕ ವಾಪಸ್' ಅನ್ನುವ ಮಾತೇ ಎಲ್ಲ ಹಾಳು ಮಾಡುತ್ತಿತ್ತು ಅಂತ ಈಗ ತಿಳಿಯುತ್ತದೆ. ವಾಪಸ್ ಕೊಡಬಾರದು ಅಂದರೆ ಕಾಣಿಸಲೇಬೇಕು. ಒಂದು ಬೆನ್ನು ಕಂಡಿತೋ, ಎಂಟು ಹತ್ತು ಬೋಟು ಒಟ್ಟಿಗೆ ಅದರ ಮೇಲೆ. ಮುಂದಿನಿಂದ ಒಬ್ಬ, ಹಿಂದಿನಿಂದ ಒಬ್ಬ, ನಡುವೆ ಸೀಳಿಕೊಂಡು ಮತ್ತೊಬ್ಬ. ಜನ ಚಪ್ಪಾಳೆ ತಟ್ಟುತ್ತಾರೆ, ಸಿಳ್ಳೆ ಹಾಕುತ್ತಾರೆ. ಅದು ಮುಳುಗಿದರೆ ಎಲ್ಲಿ ಏಳಬಹುದೆಂದು ಅಂದಾಜು ಮಾಡಿ ಮತ್ತೆ ಅಲ್ಲಿಗೆ. ಮೊದಲು ಜನ ಕೂಗುತ್ತ, ಆಮೇಲೆ ಬೋಟು ಓಡಿಸುತ್ತ, ಐದು ವರ್ಷ ಇದನ್ನೇ ಮಾಡಿದೆ, ಅದೂ ಖುಷಿಯಿಂದ. ಡಾಲ್ಫಿನ್ನಿಗೂ ಆಟ ಬೇಕು, ನಮ್ಮ ಜೊತೆ ಓಡುತ್ತದೆ ಅಂತ ಪ್ರವಾಸಿಗರಿಗೆ ಹೇಳುತ್ತಿದ್ದೆ. ಹೇಳಿ ಹೇಳಿ ನಾನೂ ನಂಬಿದ್ದೆ.

2018ರಲ್ಲಿ ಬೋಟಿನವರಿಗೆ ಒಂದು ತರಬೇತಿ ಅಂದರು. ಊಟ ಇದೆ ಅಂತ ಹೋದೆ. ಸುಳ್ಳು ಯಾಕೆ ಹೇಳಲಿ. ಮುಂದೆ ನಿಂತವರು ಒಬ್ಬ ಹೆಂಗಸು, ಅವರೇ ಈ ಮೇಡಂ, ಜೊತೆಗೆ ಬಿಳಿ ಗಡ್ಡದ ಒಬ್ಬ ರಾಂಪಣ್ಕಾರ. ದಡದಿಂದ ಬಲೆ ಎಳೆಯುವ ಮೀನುಗಾರರಿಗೆ ಇಲ್ಲಿ ಹಾಗೆ ಅನ್ನುತ್ತಾರೆ. ಸಂಸ್ಥೆ ನಡೆಸುವವರು ಅಂದರೆ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತಿರುತ್ತಾರೆ ಅನ್ನುವುದು ನನ್ನ ಲೆಕ್ಕ. ಇವರ ಬಳಿ ಫ್ಲೆಕ್ಸೇ ಇರಲಿಲ್ಲ. ಗೋಡೆಗೆ ಹಳೆಯ ಬೆಡ್‌ಶೀಟ್ ಕಟ್ಟಿ ಅದರ ಮೇಲೆ ಫೋಟೋ ಬಿಟ್ಟರು.

ಆವತ್ತು ಮಾತಿನಲ್ಲಿ ಹೇಳಿದ್ದೆಲ್ಲ ನನ್ನ ತಲೆಗೆ ಹತ್ತಲಿಲ್ಲ. ಹತ್ತಿದ್ದು ಮಾರನೇ ದಿನ. ನಮ್ಮನ್ನು ಬೋಟಿನಲ್ಲಿ ಅಗ್ವಾದ ಕೋಟೆಯ ಆಚೆ ಕರೆದುಕೊಂಡು ಹೋಗಿ ಮೇಡಂ ಇಂಜಿನ್ ಬಂದ್ ಮಾಡಿಸಿದರು. ವೈರಿಗೆ ಕಟ್ಟಿದ ಒಂದು ಕರೀ ಗುಂಡನ್ನು ನೀರಿಗೆ ಇಳಿಬಿಟ್ಟು ಹೆಡ್‌ಫೋನ್ ನನ್ನ ಕಿವಿಗಿಟ್ಟರು. ನೀರಿನೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್ ಅದು. ಕಡಲ ಒಳಗೆ ಮೌನ ಇರುತ್ತದೆ ಅಂದುಕೊಂಡಿದ್ದೆ. ಕೇಳಿದರೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಚಟಪಟ. ಅದು ಸಣ್ಣ ಸಿಗಡಿಗಳು ತಮ್ಮ ಕೊಂಡಿಯನ್ನು ಚಟ್ಟನೆ ಮುಚ್ಚುವ ಸದ್ದಂತೆ. ಅದರ ನಡುವೆ ಬಾಚಣಿಕೆಯ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ ಒಂದು ಸದ್ದು ಬಂತು, ಹೋಯಿತು, ಮತ್ತೆ ಬಂತು. ಮೇಡಂ ಬೆರಳಿಂದ ತೋರಿಸಿದರು. ದೂರದಲ್ಲಿ ಎರಡು ಬೆನ್ನು. "ಅದು ಹುಡುಕುತ್ತಿದೆ. ನಿನಗೆ ಕಣ್ಣು ಹೇಗೋ ಅದಕ್ಕೆ ಈ ಸದ್ದು ಹಾಗೆ. ಸದ್ದು ಮೀನಿಗೆ ತಾಗಿ ತಿರುಗಿ ಬಂದರೆ ಅದಕ್ಕೆ ಮೀನು ಕಂಡಂತೆ" ಅಂದರು. ನದಿಯ ಮುಖದ ಕಲಕು ನೀರಿನಲ್ಲಿ ಕಣ್ಣಿಗೆ ಏನು ತಾನೇ ಕಂಡೀತು?

ಅಷ್ಟರಲ್ಲಿ ಸಿಂಕೇರಿ ಬೀಚಿನ ಕಡೆಯಿಂದ ಒಂದು ಬೋಟು ಬಂತು. ಇನ್ನೂ ಬಹಳ ದೂರ ಇತ್ತು. ಹೆಡ್‌ಫೋನಿನಲ್ಲಿ ಮಾತ್ರ ಆಗಲೇ ಹಿಟ್ಟಿನ ಗಿರಣಿ ಶುರುವಾಗಿತ್ತು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗೂ ಹೆಚ್ಚು ಅಂತ ಆಮೇಲೆ ತಿಳಿಯಿತು. ಸಾಸಿವೆ ಹೋಯಿತು, ಬಾಚಣಿಕೆ ಹೋಯಿತು, ಬರೀ ಗರ್ರ್. ಆ ಬೋಟಿನವನು ನನ್ನ ಗೆಳೆಯನೇ. ನನ್ನನ್ನು ನೋಡಿ ಕೈ ಬೀಸಿದ. ನಾನು ಹೆಡ್‌ಫೋನ್ ತೆಗೆದು ಮೇಡಂ ಕೈಗೆ ಕೊಟ್ಟೆ. ಅವರು ಏನೂ ಹೇಳಲಿಲ್ಲ. ಹೇಳಿದ್ದರೆ ಪ್ರಾಯಶಃ ನಾನು ವಾದ ಮಾಡುತ್ತಿದ್ದೆ.

ನಮ್ಮ ಈ ತೀರದಲ್ಲಿ ಕಾಣುವುದು ಟಿವಿಯಲ್ಲಿ ಬಳೆಯೊಳಗೆ ಹಾರುವ ಡಾಲ್ಫಿನ್ ಅಲ್ಲ. ಇದು ಗೂನುಬೆನ್ನಿನದು, ಸೀಸದ ಬಣ್ಣ. ಇದರ ಶಾಸ್ತ್ರದ ಹೆಸರು ಸೂಸಾ ಪ್ಲಂಬಿಯಾ, ಆ 'ಪ್ಲಂಬಿಯಾ' ಅಂದರೇ ಸೀಸದಂಥದು ಅಂತ. ಹೆಚ್ಚು ಹಾರುವುದಿಲ್ಲ, ಬೆನ್ನು ತೋರಿಸಿ ಮುಳುಗುತ್ತದೆ. ದಡದ ಹತ್ತಿರದ ಆಳವಿಲ್ಲದ ನೀರನ್ನು ಬಿಟ್ಟು ಹೋಗುವುದೇ ಇಲ್ಲ. ಅದೇ ಅದರ ಗ್ರಹಚಾರ: ಬಂದರು, ಬಲೆ, ಚರಂಡಿ ನೀರು, ನಮ್ಮ ಬೋಟು, ಎಲ್ಲವೂ ಇರುವುದು ಅಲ್ಲೇ. ಹೊಟ್ಟೆಯಲ್ಲಿ ಮರಿ ಹೆಚ್ಚುಕಡಿಮೆ ಒಂದು ವರ್ಷ, ಆಮೇಲೆ ಮುಂದಿನ ಮರಿಗೆ ಮತ್ತೆ ಸುಮಾರು 3 ವರ್ಷ. ಜಗತ್ತಿನಲ್ಲಿ ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆಯ ಪಟ್ಟಿಯಲ್ಲಿ ಇದು ಅಳಿವಿನ ಅಪಾಯದಲ್ಲಿರುವ ಜೀವಿ. ನಮ್ಮ ಕಾನೂನಿನಲ್ಲಿ, ಅಂದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ, ಹುಲಿ ಇರುವ ಮೊದಲನೇ ಪರಿಶಿಷ್ಟದಲ್ಲೇ ಇದೂ ಇದೆ. ಹುಲಿಯನ್ನು ಹತ್ತು ಜೀಪಿನಲ್ಲಿ ಅಟ್ಟಿಸಿಕೊಂಡು ಹೋದರೆ ಪೇಪರಿನಲ್ಲಿ ಬರುತ್ತದೆ.

ಕಲಿಸಿದ ನಿಯಮ ದೊಡ್ಡವೇನಲ್ಲ. 50 ಮೀಟರ್ ದೂರ ನಿಲ್ಲು. ಎದುರಿನಿಂದ ಹೋಗಬೇಡ, ಪಕ್ಕದಲ್ಲಿ ಅದರ ದಾರಿಗೇ ಸಮನಾಗಿ ನಿಧಾನ ಹೋಗು. ಗುಂಪನ್ನು ಸೀಳಬೇಡ, ಸುತ್ತುವರಿಯಬೇಡ, ತಿನ್ನಲು ಎಸೆಯಬೇಡ. ಸ್ವಲ್ಪ ಹೊತ್ತು ನೋಡಿ ಹೊರಟುಬಿಡು. ಹೇಳುವುದಕ್ಕೆ ಸುಲಭ. ಆಗ ನಾನು ಓಡಿಸುತ್ತಿದ್ದ ಬೋಟಿನ ಮಾಲೀಕ ಎರಡು ವಾರ ನೋಡಿದ. "ನಿನಗೆ ಡಾಲ್ಫಿನ್ನಿನ ಸಂಬಳ ಬೇಕೋ, ನನ್ನದೋ?" ಅಂತ ಕೇಳಿದ. ಮೂರನೇ ವಾರ ಕೆಲಸ ಹೋಯಿತು.

ಅವತ್ತು ಸಿಟ್ಟು ಬಂದದ್ದು ಮಾಲೀಕನ ಮೇಲಲ್ಲ, ಮೇಡಂ ಮೇಲೆ. ಫೋನ್ ಮಾಡಿ ಬಾಯಿಗೆ ಬಂದಂತೆ ಅಂದೆ. ನಿಮಗೇನು, ನೀವು ಓದಿದವರು, ನನ್ನ ಮಗಳ ಸ್ಕೂಲ್ ಫೀಸು ಯಾರು ಕಟ್ಟುತ್ತಾರೆ ಅಂತ. ಅವರು ಪೂರ್ತಿ ಕೇಳಿಸಿಕೊಂಡರು. ಒಂದು ವಾರದ ನಂತರ ನಾಲ್ಕು ಜನ ಪ್ರವಾಸಿಗರನ್ನು ಕಳಿಸಿದರು, ಗುರುತಿನವರ ಬೋಟು ಬಾಡಿಗೆಗೆ ಹಿಡಿದು ನನ್ನಿಂದಲೇ ಓಡಿಸಿದರು. ನಂತರ ಎಂಟು ಜನ. ಅಟ್ಟದೆ, ಸುಮ್ಮನೆ ಕೂತು ನೋಡುವುದಕ್ಕೆ ಹೆಚ್ಚು ದುಡ್ಡು ಕೊಡುವ ಜನ ಇದ್ದಾರೆ ಅನ್ನುವುದು ನನಗೆ ದೊಡ್ಡ ಆಶ್ಚರ್ಯ. ದುಡ್ಡಿನ ಸಹಾಯ ಅವರು ಒಂದು ಪೈಸೆಯೂ ಮಾಡಲಿಲ್ಲ. ಗಿರಾಕಿ ಕೊಟ್ಟರು. ನನ್ನಂಥವನಿಗೆ ಅದೇ ದೊಡ್ಡದು, ಅದರಲ್ಲಿ ಮುಖ ತಗ್ಗಿಸುವ ಮಾತಿಲ್ಲ.

ಆಮೇಲೆ ನಾನು ಅವರ ಬಳಗದವನೇ ಆದೆ ಅನ್ನಿ. ಅವರು ಡಾಲ್ಫಿನ್ನಿನ ಬೆನ್ನಿನ ರೆಕ್ಕೆಯ ಫೋಟೋ ತೆಗೆದು, ಅಂಚಿನಲ್ಲಿರುವ ಕಚ್ಚು, ಸೀಳು, ಗಾಯದ ಗುರುತು ನೋಡಿ ಇದು ಇಂಥದ್ದೇ ಅಂತ ಹೇಳುತ್ತಾರೆ. ಕಂಪ್ಯೂಟರಿನ ಮುಂದೆ ತಾಸುಗಟ್ಟಲೆ ಅದೇ ಕೆಲಸ. ಇದು ನನಗೆ ಒಂದೇ ದಿನದಲ್ಲಿ ಬಂತು. ಯಾಕೆಂದರೆ ನಮ್ಮಜ್ಜ ಕುರಿ ಕಾಯುತ್ತಿದ್ದವನು, ಇನ್ನೂರು ಕುರಿಯಲ್ಲಿ ಯಾವುದು ಯಾರದ್ದು ಅಂತ ಕಿವಿಯ ಕೊಯ್ತ ನೋಡಿ ಹೇಳುತ್ತಿದ್ದ. ರೆಕ್ಕೆಯ ತುದಿ ಹರಿದಿದ್ದ ಒಂದಕ್ಕೆ ನಾನು 'ಹರಕಿವಿ' ಅಂದೆ. ಅವರ ಪಟ್ಟಿಯಲ್ಲಿ ಅದಕ್ಕೆ ಬರೀ ನಂಬರು. ಆದರೆ ಬೋಟಿನಲ್ಲಿ ಪಿಎಚ್‌ಡಿ ಮಾಡುವ ಹುಡುಗಿಯರೂ "ಹರಕಿವ್ವಿ ಆಯ್ಲಿ", ಅಂದರೆ ಹರಕಿವಿ ಬಂತು, ಅಂತ ಕೊಂಕಣಿಯಲ್ಲಿ ಕೂಗುತ್ತಾರೆ. ಉಚ್ಚಾರ ತಿದ್ದಲು ಹೋಗಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಬೋಟುಗಳೆಲ್ಲ ನಿಂತವು. ಅವರ ಕೆಲಸಕ್ಕೂ ಹಣ ಬರುವುದು ನಿಂತಿತ್ತು ಅಂತ ನನಗೆ ಗೊತ್ತಾದದ್ದು ವರ್ಷದ ಮೇಲೆ. ಆದರೂ ಪ್ರತಿ ಭಾನುವಾರ ಸಂಜೆ ಮೇಡಂ ಫೋನ್ ತಪ್ಪಲಿಲ್ಲ. "ಈ ವಾರ ಕಿಟಕಿಯಿಂದ ಏನು ಕಂಡಿತು?" ನಮ್ಮ ಕಿಟಕಿಯಿಂದ ಬಾಯಣಾದ ಕಡಲಿನ ಒಂದು ತುಂಡು ಕಾಣುತ್ತದೆ, ಅಷ್ಟೇ. ಅದನ್ನೇ ಬರೆದಿಡಲು ಹೇಳಿದರು: ತಾರೀಖು, ಹೊತ್ತು, ಎಷ್ಟು, ಯಾವ ದಿಕ್ಕು. ಕಾಣದಿದ್ದರೆ 'ಇಲ್ಲ' ಅಂತ ಬರೆ, ಅದೂ ಲೆಕ್ಕಕ್ಕೆ ಬೇಕು ಅಂದರು. ಮಗಳ ಹಳೇ ನೋಟ್‌ಬುಕ್ಕಿನ ತುಂಬ 'ಇಲ್ಲ, ಇಲ್ಲ, ಇಲ್ಲ, 2, ಇಲ್ಲ'. ಕೆಲಸವಿಲ್ಲದ ಗಂಡಸಿಗೆ ದಿನಕ್ಕೊಮ್ಮೆ ಪೆನ್ಸಿಲ್ ಹಿಡಿಯುವ ಕೆಲಸ ಇತ್ತು ಅನ್ನುವುದರ ಬೆಲೆ ಎಷ್ಟು ಅಂತ ನನ್ನ ಹೆಂಡತಿಯನ್ನು ಕೇಳಬೇಕು.

ಇನ್ನೊಬ್ಬರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಹಿಂದೆ ಲೈಫ್‌ಗಾರ್ಡ್ ಆಗಿದ್ದ ಅಣ್ಣ. ಒಂದು ಜುಲೈನಲ್ಲಿ, ಜೋರು ಮಳೆಯಲ್ಲಿ, ಸತ್ತ ಡಾಲ್ಫಿನ್ ಒಂದು ದಡಕ್ಕೆ ಬಂತು. ಮಳೆಗಾಲದ ಗಾಳಿ ಇಂಥವನ್ನು ನಮ್ಮ ಕಡೆ ತಳ್ಳಿಬಿಡುತ್ತದೆ. ಅಣ್ಣ ಮೊದಲು ಮಾಡಿದ್ದು ಹಗ್ಗ ಕಟ್ಟಿ ಜನರನ್ನು ಆಚೆ ಹಾಕಿದ್ದು. ಸತ್ತದ್ದರ ಬಾಯಿ ತೆರೆದು ಸೆಲ್ಫಿ ತೆಗೆಯುವವರೂ ಇದ್ದಾರೆ. ಏನು ಹೇಳೋಣ. ಅರಣ್ಯ ಇಲಾಖೆಯವರು, ಪಶುವೈದ್ಯರು, ಮೇಡಂ ಬಂದರು. ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು ಮೂತಿಯ ತುದಿಗೆ ಹಿಡಿ ಅಂದರು, ಇನ್ನೊಂದು ತುದಿ ಬಾಲದ ನಡುವಿನ ಕಚ್ಚಿಗೆ. ನಾನು ಟೇಪನ್ನು ಮೈಗೆ ತಾಗಿಸಿದೆ. "ಮೈಯ ಉಬ್ಬಿನ ಮೇಲೆ ಬೇಡ, ನೇರ ಗೆರೆ" ಅಂದರು. ಎರಡು ತಾಸು ಅಳತೆ, ಫೋಟೋ, ಚರ್ಮದ ತುಣುಕು, ಪುಟಗಟ್ಟಲೆ ಫಾರಂ. ಪೆನ್ನಿನ ಶಾಯಿ ಕರಗುತ್ತದೆಂದು ಪೆನ್ಸಿಲಿನಲ್ಲೇ. ಆ ವಾಸನೆಗೆ ನಾನು ಎರಡು ಸಲ ವಾಂತಿ ಮಾಡಿಕೊಂಡೆ. ಮೇಡಂ ಮೂಗಿಗೆ ಬಟ್ಟೆಯನ್ನೂ ಕಟ್ಟಿರಲಿಲ್ಲ.

ಬಾಲದ ಬುಡದಲ್ಲಿ ಬಲೆಯ ನೂಲು ಕೊರೆದ ಗುರುತು ಇತ್ತು. ಸುತ್ತ ನಿಂತವರು ಮೀನುಗಾರರನ್ನು ಬೈಯಲು ಶುರು ಮಾಡಿದರು. ಆ ಬಿಳಿ ಗಡ್ಡದ ರಾಂಪಣ್ಕಾರ ಅಲ್ಲೇ ಇದ್ದ, ತಲೆ ತಗ್ಗಿಸಿದ. ಮೇಡಂ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು, ಬಲೆ ಹಾಕಿದ್ದು ಮೀನಿಗೆ, ಇದಕ್ಕಲ್ಲ, ಬಲೆ ಹರಿದರೆ ಅವನ ತಿಂಗಳ ದುಡಿಮೆ ಹೋಯಿತು ಅಂತ. ಮಹಾರಾಷ್ಟ್ರದಲ್ಲಿ ಇಂಥ ಜೀವಿಯನ್ನು ಬಿಡಿಸಲು ಬಲೆ ಕೊಯ್ದ ಮೀನುಗಾರನಿಗೆ ಸರ್ಕಾರ 2018ರಿಂದ 25,000 ರೂಪಾಯಿವರೆಗೆ ಪರಿಹಾರ ಕೊಡುತ್ತಿದೆ ಅಂತಲೂ ಹೇಳಿದರು. ಆವತ್ತಿನಿಂದ ಆ ಮುದುಕನಿಗೆ ಬಲೆಯಲ್ಲಿ ಏನೇ ಸಿಕ್ಕರೂ ಮೊದಲ ಫೋನ್ ಮೇಡಮ್ಮಿಗೆ. ಬೈದಿದ್ದರೆ ಆ ಫೋನ್ ಬರುತ್ತಿರಲಿಲ್ಲ.

ಮೇಡಂ ಅತ್ತದ್ದನ್ನು ನಾನು ಒಂದೇ ಸಲ ಕೇಳಿದ್ದೇನೆ, ಅದೂ ಫೋನಿನಲ್ಲಿ. 2023ರ ನವೆಂಬರಿನಲ್ಲಿ ರತ್ನಾಗಿರಿ ಜಿಲ್ಲೆಯ ಗಣಪತಿಪುಳೆಯಲ್ಲಿ ತಿಮಿಂಗಿಲದ ಮರಿ ದಡಕ್ಕೆ ಬಿದ್ದಿತ್ತು. ಊರವರು, ಇಲಾಖೆಯವರು ಎಲ್ಲ ಸೇರಿ ಹಗಲು ರಾತ್ರಿ ನೀರು ಹಾಕಿ, ಎಳೆದು, ಕಡಲಿಗೆ ಬಿಟ್ಟರು. ಅದು ತಿರುಗಿ ಬಂದು ಸತ್ತಿತು. ಮೊಬೈಲಿನಲ್ಲಿ ನೋಡಿ ನಾನು, ಬಿಟ್ಟ ಮೇಲೂ ಯಾಕೆ ಬಂತು ಮೇಡಂ ಅಂತ ಕೇಳಿದೆ. ತಾಯಿಯ ಹಾಲು ಬೇಕಾದ ಮರಿ, ತಾಯಿ ಇಲ್ಲದೆ ಎಲ್ಲಿಗೆ ಹೋದೀತು ಅಂದರು. ದಡಕ್ಕೆ ಬರುವಷ್ಟರಲ್ಲಿ ಹೆಚ್ಚಿನವು ಆಗಲೇ ಸೋತಿರುತ್ತವೆ, ನೀರು ಹೊರುತ್ತಿದ್ದ ಭಾರವೆಲ್ಲ ಮರಳಿನ ಮೇಲೆ ಅದರ ಸ್ವಂತ ಶ್ವಾಸಕೋಶದ ಮೇಲೇ ಬೀಳುತ್ತದೆ ಅಂತ ಪಾಠ ಹೇಳುವ ದನಿಯಲ್ಲೇ ವಿವರಿಸಿದರು. ಹೇಳುತ್ತ ಹೇಳುತ್ತ ದನಿ ನಿಂತಿತು. ಮರುದಿನ ಬೆಳಗ್ಗೆ ಆರೂವರೆಗೆ ಜೆಟ್ಟಿಯಲ್ಲಿ ನನಗಿಂತ ಮೊದಲು ಬಂದು ನಿಂತಿದ್ದರು.

ಇವರಿಗಿಂತ ಹಿಂದಿನವರನ್ನೂ ನೆನೆಯಬೇಕು. 1979ರಲ್ಲಿ ಸೇಶೆಲ್ಸ್ ಅನ್ನುವ ಪುಟ್ಟ ದ್ವೀಪದೇಶ ಪ್ರಸ್ತಾಪ ಇಟ್ಟು ನಮ್ಮ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮ ಮಾಡಿಸಿತಂತೆ. ನಮ್ಮ ದೇಶ 2013ರಲ್ಲಿ ಡಾಲ್ಫಿನ್‌ಗಳನ್ನು ತೊಟ್ಟಿಯಲ್ಲಿಟ್ಟು ಆಟ ಆಡಿಸುವುದು ಬೇಡ ಅಂತ ತೀರ್ಮಾನಿಸಿತು. ಒಡಿಶಾದ ಚಿಲಿಕಾ ಸರೋವರದ ಡಾಲ್ಫಿನ್‌ಗಳ ಹಿಂದೆ ವರ್ಷಗಟ್ಟಲೆ ಅಲೆದ ದೀಪಾನಿ ಸುತಾರಿಯಾ, ಪಕ್ಕದ ಸಿಂಧುದುರ್ಗದಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳ ಮೇಲೆ ಕೆಲಸ ಮಾಡಿದ ಕೊಂಕಣ ಸಿಟೇಶಿಯನ್ ರಿಸರ್ಚ್ ಟೀಮಿನ ಯುವಕ ಯುವತಿಯರು, ಇವರ ಹೆಸರನ್ನೆಲ್ಲ ನಾನು ಕೇಳಿದ್ದು ಬೋಟಿನಲ್ಲೇ, ಚಹಾ ಕುಡಿಯುವಾಗ.

ನನ್ನ ಬೋಟು ಹತ್ತುವ ಕನ್ನಡದವರಿಗೆ ಒಂದು ಮಾತು. ಈಗ ನಾನು 'ರೊಕ್ಕ ವಾಪಸ್' ಅನ್ನುವುದಿಲ್ಲ. ಕಂಡರೆ ಕಂಡಿತು. ಕಾಣದ ದಿನ ನೋಟ್‌ಬುಕ್ ನಿಮ್ಮ ಕೈಗೆ ಕೊಡುತ್ತೇನೆ, 'ಇಲ್ಲ' ಅಂತ ನೀವೇ ಬರೆಯಿರಿ. ಕಳೆದ ಡಿಸೆಂಬರಿನಲ್ಲಿ ಗದಗಿನ ಒಬ್ಬ ಅಜ್ಜಿ ಹಾಗೆ ಬರೆದು ಕೆಳಗೆ ಸಹಿಯನ್ನೂ ಹಾಕಿದ್ದಾರೆ.

ಮೇಡಂ, ಅಣ್ಣ, ರಾಂಪಣ್ಕಾರ ಅಜ್ಜ, ಕಂಪ್ಯೂಟರಿನ ಮುಂದೆ ಕೂತ ತಂಗಿಯರು, ಎಲ್ಲರಿಗೂ ನನ್ನ ಮತ್ತು ಮನೆಯವರ ಕೈಮುಗಿದ ನಮಸ್ಕಾರ. ಅವತ್ತು ಫೋನಿನಲ್ಲಿ ಅಂದದ್ದಕ್ಕೆ ಕ್ಷಮೆ ಇರಲಿ, ಅದನ್ನು ಇಲ್ಲಿವರೆಗೆ ಕೇಳಿರಲಿಲ್ಲ. ಮೇಡಂ, ಆ ಜುಲೈನ ಟೇಪು ನಮ್ಮಲ್ಲೇ ಉಳಿದಿದೆ. ಸೀಗೆಪುಡಿ, ನಿಂಬೆಹಣ್ಣು, ಡೆಟ್ಟಾಲ್ ಎಲ್ಲ ಹಾಕಿ ತೊಳೆದಾಯಿತು, ವಾಸನೆ ಹೋಗಿಲ್ಲ. ಹೆಂಡತಿ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ, ಹೊರಗೆ ಮೊಳೆಗೆ ತೂಗುಹಾಕಿದ್ದೇನೆ. ಈ ಕಡೆ ಬಂದಾಗ ಒಯ್ಯಿರಿ.