ನೀನು ಕಳಿಸಿದ ಆ ವಿಡಿಯೋ ಬಗ್ಗೆ

ಪುಟ್ಟಾ, ಆಶೀರ್ವಾದಗಳು.

ಫ್ಯಾಮಿಲಿ ಗ್ರೂಪಿಗೆ ಹಾಕಿದ್ಯಲ್ಲ ಆ ವಿಡಿಯೋ, ಪೂರ್ತಿ ನೋಡಿದೆ. ನಾಜಿಗಳ ಔಶ್ವಿಟ್ಜ್ ಕ್ಯಾಂಪಲ್ಲಿ 40 ಲಕ್ಷ ಜನ ಸತ್ರು ಅಂತ ಅಲ್ಲಿ ಫಲಕ ಇತ್ತು, 1990ರಲ್ಲಿ ತೆಗೆದ್ರು, ಈಗ 11 ಲಕ್ಷ ಅಂತಾರೆ, ಹಾಗಾದ್ರೆ ಹೋಲೊಕಾಸ್ಟ್‌ನಲ್ಲಿ, ಅಂದ್ರೆ ನಾಜಿಗಳು ಯೆಹೂದಿಗಳನ್ನ ಸಾಮೂಹಿಕವಾಗಿ ಕೊಂದಿದ್ರಲ್ಲಿ, ಸತ್ತೋರು ಅನ್ನೋ 60 ಲಕ್ಷದಲ್ಲೂ ಅಷ್ಟು ಕಳೀಬೇಕಲ್ವಾ ಅಂತಾನೆ ಅವನು. ಪ್ರಶ್ನೆ ಕೇಳಿದ್ರೆ ಏನು ತಪ್ಪು ದೊಡ್ಡಮ್ಮ ಅಂತ ನೀನೂ ಬರ್ದಿದ್ದೀಯ. ತಪ್ಪಿಲ್ಲ ಕಣೋ, ಆದ್ರೆ ಅವನಿಗೆ ಉತ್ತರ ಬೇಕಾಗಿಲ್ಲ.

ಆ 40 ಲಕ್ಷ 1945ರಲ್ಲಿ ಸೋವಿಯತ್ ಕಮಿಷನ್ ಕೊಟ್ಟ ಅಂದಾಜು. 60 ಲಕ್ಷ ಯೆಹೂದಿಗಳು ಅನ್ನೋ ಲೆಕ್ಕ ಅದರ ಮೇಲೆ ನಿಂತೇ ಇಲ್ಲ. ರಾವುಲ್ ಹಿಲ್ಬರ್ಗ್ ಅನ್ನೋ ಇತಿಹಾಸಕಾರರು 1961ರಲ್ಲೇ, ಫಲಕ ತೆಗೆಯೋಕೆ ಸುಮಾರು 30 ವರ್ಷ ಮುಂಚೆ, ಔಶ್ವಿಟ್ಜ್‌ನಲ್ಲಿ ಸತ್ತ ಯೆಹೂದಿಗಳು 10 ಲಕ್ಷ, ಒಟ್ಟು 51 ಲಕ್ಷ ಅಂತ ಲೆಕ್ಕ ಹಾಕಿದ್ರು. ಅಂದ್ರೆ ಕಳೆಯೋಕೆ ಅಲ್ಲಿ ಏನೂ ಇಲ್ಲ. ಇನ್ನು ನಾಜಿಗಳದ್ದೇ ಕಾಗದ ನೋಡು, 1943ರ ಜನವರಿಲಿ ಹೋಫ್ಲೆ ಅನ್ನೋ ಎಸ್‌ಎಸ್ (ನಾಜಿಗಳ ಪಡೆ) ಅಧಿಕಾರಿ ಕಳಿಸಿದ ಸಂದೇಶನ ಬ್ರಿಟಿಷರು ಕದ್ದು ಕೇಳಿ ಬರ್ಕೊಂಡಿದ್ರು, ಅದರಲ್ಲಿ ಟ್ರೆಬ್ಲಿಂಕಾ, ಸೋಬಿಬೋರ್, ಬೆಲ್ಜೆಕ್, ಮೈದಾನೆಕ್ ಅನ್ನೋ, ಯೆಹೂದಿಗಳನ್ನ ಕೊಲ್ತಿದ್ದ ನಾಲ್ಕು ಕ್ಯಾಂಪಿಗೆ 1942ರ ಕೊನೆ ತನಕ ಬಂದೋರು 12,74,166 ಅಂತ ಇದೆ. ಇದು ಆ ವಿಡಿಯೋದಲ್ಲಿ ಎಲ್ಲೂ ಬರಲ್ಲ, ಬಂದ್ರೆ ಅವನ ಅಂಗಡಿ ಮುಚ್ಚುತ್ತೆ.

ಡೇವಿಡ್ ಇರ್ವಿಂಗ್ ಅಂತ ಒಬ್ಬ ಲೇಖಕ, ತನ್ನನ್ನ ಹೋಲೊಕಾಸ್ಟ್ ನಿರಾಕರಿಸೋನು ಅಂದಿದ್ದಕ್ಕೆ ಡೆಬೊರಾ ಲಿಪ್‌ಸ್ಟಾಟ್ ಅನ್ನೋ ಇತಿಹಾಸಕಾರ್ತಿ ಮೇಲೆ ಲಂಡನ್ನಲ್ಲಿ ಕೇಸ್ ಹಾಕಿದ. 2000ದಲ್ಲಿ ಸೋತ. ದಾಖಲೆಗಳನ್ನ ಬೇಕಂತಲೇ ತಿರುಚಿದಾನೆ ಅಂತ ಜಡ್ಜೇ ತೀರ್ಪು ಬರೆದ್ರು.

ಈ ಜನಕ್ಕೆ ಇತಿಹಾಸ ಬೇಕಾಗಿಲ್ಲ ಪುಟ್ಟಾ. ಹಿಟ್ಲರನ ಮೇಲಿನ ರಕ್ತದ ಕಲೆ ಹೋಗದಿದ್ರೆ ಅವನ ವಿಚಾರಾನ ಮತ್ತೆ ಯಾರೂ ಮುಟ್ಟಲ್ಲ, ಅದಕ್ಕೆ ಈ ಕೆಲಸ. ಇವತ್ತು ನಂಬರ್ ಬಗ್ಗೆ ಡೌಟು, ನಾಳೆ ಹಾಗಾದ್ರೆ ಇಷ್ಟು ದಿನ ಮೋಸ ಮಾಡಿದ್ದು ಯಾರು ಅಂತ ಕೇಳ್ತಾರೆ, ಉತ್ತರ ರೆಡಿ ಇರುತ್ತೆ, ಯೆಹೂದಿಗಳು. ನೀನಿರೋ ಲೈಪ್‌ಜಿಗ್ ಪಕ್ಕದ ಹಾಲೆಲಿ 2019ರ ಅಕ್ಟೋಬರ್ 9ಕ್ಕೆ ಒಬ್ಬ ಸಿನಗಾಗ್ (ಯೆಹೂದಿಗಳ ಪ್ರಾರ್ಥನಾ ಮಂದಿರ) ಮೇಲೆ ದಾಳಿಗೆ ಹೋದ. ಲೈವ್ ಹಾಕ್ಕೊಂಡು ಮೊದ್ಲು ಹೇಳಿದ್ದೇ ಹೋಲೊಕಾಸ್ಟ್ ನಡೆದೇ ಇಲ್ಲ ಅಂತ. ಬಾಗಿಲು ಮುರೀಲಿಲ್ಲ, ಒಳಗಿದ್ದೋರು ಬದುಕಿದ್ರು, ಹೊರಗೆ ಇಬ್ಬರನ್ನ ಕೊಂದ. ಅದನ್ನ ನೆನೆಸಿಕೊಂಡೇ ನನಗೆ ಇಷ್ಟು ಭಯ.

ಗ್ರೂಪಿಂದ ಅದನ್ನ ಇವತ್ತೇ ಡಿಲೀಟ್ ಮಾಡು, ಜರ್ಮನಿಲಿ ಇಂಥದ್ದನ್ನ ಹರಡೋದು ಅಪರಾಧ ಕೂಡ. ರಜಾ ಸಿಕ್ಕಾಗ ವೈಮರ್ ಹತ್ರದ ಬುಖೆನ್‌ವಾಲ್ಡ್ ಕ್ಯಾಂಪಿಗೆ ಹೋಗಿ ಬಾ. ಆಮೇಲೂ ಡೌಟ್ ಉಳಿದ್ರೆ ಫೋನ್ ಮಾಡು, ಬೈಯಲ್ಲ, ಕೂತು ಮಾತಾಡೋಣ.

ನಿನ್ನ ದೊಡ್ಡಮ್ಮ