ಲಕ್ಷ್ಮಿ ಎಂದರೆ ಬರೀ ದುಡ್ಡಲ್ಲ ಮಾರಾಯ

ಪ್ರಿಯ ಗೆಳೆಯಾ,

ಮಗಳಿಗೆ ಲಕ್ಷ್ಮಿ ಎಂದು ಹೆಸರಿಡುವ ಆಸೆ, ಆದರೆ ‘ದುಡ್ಡಿನ ಹೆಸರು’ ಅಂತ ಹಿಂಜರಿಕೆ, ಅಲ್ಲವೇ? ದುಡ್ಡು ಈ ಹೆಸರಿಗೆ ಆಮೇಲೆ ಬಂದು ಅಂಟಿಕೊಂಡದ್ದು. ಮೂಲದಲ್ಲಿ ಲಕ್ಷ್ಮೀ ಎಂದರೆ ಗುರುತು. ‘ಲಕ್ಷ್’ ಧಾತುವಿಗೆ ‘ಈ’ ಪ್ರತ್ಯಯ ಹತ್ತುವಾಗ ನಡುವೆ ಒಂದು ಮಕಾರ ನುಸುಳಿದೆ. ಲಕ್ಷಣ, ಲಕ್ಷ್ಯ ಎಲ್ಲ ಇದರ ಒಡಹುಟ್ಟುಗಳೇ.

ಋಗ್ವೇದದಲ್ಲಿ ಈ ಪದವಿರುವುದು ಹತ್ತನೆಯ ಮಂಡಲದ 71ನೆಯ ಸೂಕ್ತದಲ್ಲಿ. ಅದು ಹೇಳುವುದಿಷ್ಟು: ಜರಡಿಯಲ್ಲಿ ಹಿಟ್ಟು ಸೋಸಿದಂತೆ ಬಲ್ಲವರು ಮನಸ್ಸಿನಿಂದ ಮಾತು ಸೋಸುತ್ತಾರೆ. ಅಲ್ಲಿ ಗೆಳೆಯರು ಗೆಳೆತನವನ್ನು ಕಂಡುಕೊಳ್ಳುತ್ತಾರೆ. ಅವರ ಮಾತಿನಲ್ಲಿ ‘ಭದ್ರಾ ಲಕ್ಷ್ಮೀ’, ಅಂದರೆ ಮಂಗಳದ ಗುರುತು ಇರುತ್ತದೆ. ಹಣದ ಸುದ್ದಿಯೇ ಇಲ್ಲ, ನೋಡು! ಭದ್ರಾ ಎಂದು ಬಿಡಿಸಿ ಹೇಳಬೇಕಾದದ್ದು ಯಾಕೆಂದರೆ ಆಗ ಕೆಟ್ಟ ಲಕ್ಷ್ಮಿಯೂ ಇದ್ದಳು. ಅಥರ್ವವೇದದ ಏಳನೆಯ ಕಾಂಡದ 115ನೆಯ ಸೂಕ್ತ ‘ಪಾಪಿ ಲಕ್ಷ್ಮಿ, ಇಲ್ಲಿಂದ ಹಾರಿಹೋಗು’ ಎನ್ನುತ್ತದೆ. ಮನುಷ್ಯನ ಜೊತೆಗೇ 101 ಲಕ್ಷ್ಮಿಯರು ಹುಟ್ಟುತ್ತಾರಂತೆ. ಒಳ್ಳೆಯವರು ಉಳಿಯಲಿ, ಕೆಟ್ಟವರು ತೊಲಗಲಿ ಎಂಬುದು ಪ್ರಾರ್ಥನೆ. ಶ್ರೀಸೂಕ್ತಕ್ಕೆ ಬರುವ ಹೊತ್ತಿಗೆ ಕೆಟ್ಟವಳಿಗೆ ‘ಅಲಕ್ಷ್ಮೀ’ ಎಂಬ ಬೇರೆ ಹೆಸರೇ ಆಯಿತು.

ಶ್ರೀ ಮತ್ತು ಲಕ್ಷ್ಮಿ ಕೂಡ ಮೊದಲು ಇಬ್ಬರು. ಶುಕ್ಲ ಯಜುರ್ವೇದದಲ್ಲಿ ‘ಶ್ರೀಶ್ಚ ತೇ ಲಕ್ಷ್ಮೀಶ್ಚ ಪತ್ನ್ಯೌ’, ಅಂದರೆ ಶ್ರೀಯೂ ಲಕ್ಷ್ಮಿಯೂ ನಿನ್ನ ಪತ್ನಿಯರು ಎಂದು ಇಬ್ಬರನ್ನೂ ಬೇರೆಬೇರೆಯಾಗಿಯೇ ಹೆಸರಿಸಿದೆ. ಕೃಷ್ಣ ಯಜುರ್ವೇದದ ತೈತ್ತಿರೀಯ ಪಾಠದಲ್ಲಿ ಶ್ರೀ ಇರುವ ಜಾಗದಲ್ಲಿ ‘ಹ್ರೀ’ (ಲಜ್ಜೆ) ಇದೆ.

ಈಗ ನಿನ್ನ ಎರಡನೇ ಪ್ರಶ್ನೆ, ಲಕ್ಷ್ಮಿಯೋ ಲಕ್ಷ್ಮೀಯೋ? ಸಂಸ್ಕೃತದ ಕೊನೆಯ ದೀರ್ಘ ಕನ್ನಡಕ್ಕೆ ಬಂದಾಗ ಹ್ರಸ್ವವಾಗುತ್ತದೆ: ನದೀ ನದಿಯಾಯಿತು, ಗೌರೀ ಗೌರಿಯಾಯಿತು. ಹಾಗೆಯೇ ಒಂಟಿ ಹೆಸರಾದರೆ ಲಕ್ಷ್ಮಿ. ಮುಂದೆ ಸಂಸ್ಕೃತ ಪದ ಸೇರಿದರೆ ದೀರ್ಘ ಉಳಿಯುತ್ತದೆ: ಲಕ್ಷ್ಮೀದೇವಿ, ಲಕ್ಷ್ಮೀನಾರಾಯಣ. ಕೊನೆಗೆ ಬಂದರೆ ಮತ್ತೆ ಹ್ರಸ್ವ: ವಿಜಯಲಕ್ಷ್ಮಿ. ‘ಅಮ್ಮ’ ಸೇರಿದರೆ ಲೋಪಸಂಧಿಯಾಗಿ ಲಕ್ಷ್ಮಮ್ಮ.

ಲಕ್ಕಮ್ಮ, ಲಕ್ಕವ್ವ ಎಂಬುವನ್ನು ‘ಹಾಳಾದ ಉಚ್ಚಾರ’ ಎನ್ನುವವರ ಮಾತು ಕೇಳಬೇಡ. ಯಕ್ಷ ಜಕ್ಕನಾದ, ರಾಕ್ಷಸ ರಕ್ಕಸನಾದ, ಪಕ್ಷ ಪಕ್ಕವಾಯಿತು. ಅದೇ ಜಾಡಿನಲ್ಲಿ ಕ್ಷಕಾರ ಕ್ಕ ಆಗಿ ಈ ರೂಪಗಳು ಬಂದವು. ಪ್ರಾಕೃತದ ‘ಲಚ್ಛೀ’ ಇನ್ನೊಂದು ಜಾಡು. ನಮ್ಮ ಲಚ್ಚಿ ಅದಕ್ಕೆ ಹತ್ತಿರ. 12ನೆಯ ಶತಮಾನದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನ ಹೆಸರನ್ನು ತಿದ್ದಲು ಯಾರಿಗಾದರೂ ಧೈರ್ಯವಿದೆಯೇ? ನನ್ನನ್ನು ಕೇಳಿದರೆ ಲಕುಮಿ ಎಲ್ಲಕ್ಕಿಂತ ಚೆಂದ, ನಾಲಿಗೆಗೂ ಹಗುರ.

ಬರೆಯುವಾಗ ಎಡವುವುದೇ ಹೆಚ್ಚು. ಟೈಪಿಸಲು ಏಳು ಗುರುತು ಬೇಕು: ಲ, ಕ, ಅರ್ಧಾಕ್ಷರದ ಚಿಹ್ನೆ, ಷ, ಮತ್ತೆ ಅದೇ ಚಿಹ್ನೆ, ಮ, ಕೊನೆಗೆ ಗುಡಿಸು. ಎರಡನೆಯ ಚಿಹ್ನೆ ಬಿಟ್ಟರೆ ‘ಲಕ್ಷಮಿ’. ಷ ಬದಲು ಶ ಒತ್ತಿದರೆ ‘ಲಕ್ಶ್ಮಿ’. ಕಣ್ಣಿಗೆ ಬೇಗ ಬೀಳುವುದಿಲ್ಲ, ಕಂಪ್ಯೂಟರಿಗೆ ಮಾತ್ರ ಅದು ಬೇರೆಯೇ ಹೆಸರು. ಕೈಬರಹದಲ್ಲಿ ಗುಡಿಸು ಹತ್ತುವುದು ಕಕಾರಕ್ಕೆ, ಕೇಳುವುದು ಮಕಾರದ ಆಚೆ; ಮಕ್ಕಳು ತಡಕಾಡುವುದು ಅಲ್ಲೇ.

ಇಂಗ್ಲಿಷಿನಲ್ಲಿ ಕೆ-ಎಸ್-ಎಚ್ ಹಾಕಿದರೆ ಏಳಕ್ಷರ, ಎಕ್ಸ್ ಹಾಕಿದರೆ ಐದು. ಎರಡೂ ಬಳಕೆಯಲ್ಲಿವೆ. ಆದರೆ ಜನನ ಪ್ರಮಾಣಪತ್ರದಲ್ಲೊಂದು, ಶಾಲೆಯಲ್ಲೊಂದು ಆದರೆ ಪಾಸ್‌ಪೋರ್ಟ್ ಹೊತ್ತಿಗೆ ಅಲೆದಾಟ ತಪ್ಪಿದ್ದಲ್ಲ. ಅವಸರವೇನಿಲ್ಲ: ಜನನವನ್ನು 21 ದಿನಗಳೊಳಗೆ ಹೆಸರಿಲ್ಲದೆಯೂ ನೋಂದಾಯಿಸಬಹುದು, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅಷ್ಟರೊಳಗೆ ಲಕ್ಷ್ಮಿಯೋ ಲಕುಮಿಯೋ ಮನೆಯವರೆಲ್ಲ ಕೂತು ತೀರ್ಮಾನಿಸಿ.

ಇಂತಿ ನಿನ್ನ ಗೆಳೆಯ