ಹೊಂದದ ಬಿಸಿಡಿ ಮಾರಾಟ ಮತ್ತು ತಪ್ಪು ವಿವರಣೆಯ ಕುರಿತು ದೂರು

ಇಂದ:
ನಿಮ್ಮ ಗ್ರಾಹಕಿ,
ಜಯನಗರ, ಬೆಂಗಳೂರು.

ಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಡೈವಿಂಗ್ ಸಾಧನಗಳ ಮಾರಾಟ ಮಳಿಗೆ,
ಬೆಂಗಳೂರು.

ವಿಷಯ: ನಿಮ್ಮಲ್ಲಿ ಖರೀದಿಸಿದ ಸ್ಕೂಬಾ ಬಿಸಿಡಿಯನ್ನು (ಗಾಳಿ ತುಂಬಿ, ಬಿಟ್ಟು ನೀರಿನಲ್ಲಿ ತೇಲುವುದನ್ನು ಹತೋಟಿಯಲ್ಲಿಡುವ ಜಾಕೆಟ್) ಹಿಂಪಡೆದು ಪೂರ್ಣ ಹಣ ಮರಳಿಸುವ ಬಗ್ಗೆ ಹಾಗೂ ಜಾಲತಾಣದಲ್ಲಿರುವ ಅಪಾಯಕಾರಿ ವಿವರಣೆಯನ್ನು ತೆಗೆದುಹಾಕುವ ಬಗ್ಗೆ.

ಮಾನ್ಯರೇ,

ನಿಮ್ಮ ಮಳಿಗೆಯಲ್ಲಿ ನಾನು ಕೊಂಡ ಜಾಕೆಟ್ ಮಾದರಿಯ ಬಿಸಿಡಿ ನನ್ನ ಮೈಕಟ್ಟಿಗೂ ಹೊಂದುವುದಿಲ್ಲ, ನಾನು ಇಳಿಯುವ ಕಡಲಿಗೂ ಹೊಂದುವುದಿಲ್ಲ. ಈ ಸಂಗತಿ ಮಾರುವ ಹೊತ್ತಿಗೇ ನಿಮ್ಮ ಸಿಬ್ಬಂದಿಗೆ ತಿಳಿಯಬೇಕಿತ್ತು, ಏಕೆಂದರೆ ಅದಕ್ಕೆ ಬೇಕಾದ ವಿವರಗಳನ್ನೆಲ್ಲ ಅವರು ಕೇಳದೆಯೇ ನಾನು ಹೇಳಿದ್ದೆ. ನನ್ನ ಎತ್ತರ ಮತ್ತು ತೂಕ, ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೂ ಅಪರೂಪಕ್ಕೆ ಅಂಡಮಾನಿನ ಸ್ವರಾಜ್ ದ್ವೀಪಕ್ಕೂ ಹೋಗುವವಳು ನಾನೆಂಬುದು, ಅಲ್ಲಿನ ಬೆಚ್ಚನೆಯ ನೀರಿನಲ್ಲಿ 3 ಮಿ.ಮೀ. ದಪ್ಪದ ವೆಟ್‌ಸೂಟ್ (ನೀರಿನಲ್ಲಿ ತೊಡುವ ರಬ್ಬರ್ ಉಡುಪು) ತೊಟ್ಟು ಒಂದೇ ಅಲ್ಯೂಮಿನಿಯಂ ಸಿಲಿಂಡರ್ ಹೊತ್ತು ಇಳಿಯುತ್ತೇನೆಂಬುದು, ಇವಿಷ್ಟನ್ನೂ ಕೇಳಿಸಿಕೊಂಡ ಮೇಲೆ ನಿಮ್ಮವರು ನನ್ನ ಕೈಗಿತ್ತದ್ದು 22 ಕಿ.ಗ್ರಾಂ ಲಿಫ್ಟ್ (ಗಾಳಿ ತುಂಬಿದಾಗ ಎತ್ತಿ ತೇಲಿಸಬಲ್ಲ ಭಾರ) ಇರುವ, ಎಲ್ (ದೊಡ್ಡ) ಅಳತೆಯ ಬಿಸಿಡಿ. ಚಿಕ್ಕ ಅಳತೆ ದಾಸ್ತಾನಿನಲ್ಲಿ ಇಲ್ಲ, ಪಟ್ಟಿಗಳನ್ನು ಬಿಗಿದರೆ ಎಲ್ಲರಿಗೂ ಸರಿಹೋಗುತ್ತದೆ ಎಂದೂ ಹೇಳಿದರು.

ಸರಿಹೋಗಲಿಲ್ಲ. ಕಡಲಿಗೆ ಒಯ್ಯುವ ಮೊದಲು ನನ್ನ ತರಬೇತುದಾರರ ಎದುರಿನಲ್ಲಿ ಅದನ್ನು ಈಜುಕೊಳದಲ್ಲಿ ಪರೀಕ್ಷಿಸಿದೆ. ಸೊಂಟಪಟ್ಟಿಯ ಎರಡು ತುದಿಗಳೂ ಪೂರ್ತಿಯಾಗಿ ಒಂದರ ಮೇಲೊಂದು ಬಂದು, ಇನ್ನು ಬಿಗಿಯಲು ಜಾಗವೇ ಉಳಿಯಲಿಲ್ಲ. ನೀರಿನ ಮೇಲೆ ಗಾಳಿ ತುಂಬಿದಾಗ ನಾನು ಮೇಲೆ ಬರುವ ಬದಲು ಜಾಕೆಟ್ಟೇ ಮೇಲೆ ಸರಿದು, ಭುಜದ ಭಾಗ ಕಿವಿಯ ಹತ್ತಿರಕ್ಕೂ ಎದೆಪಟ್ಟಿ ಗಂಟಲಿನ ಹತ್ತಿರಕ್ಕೂ ಬಂತು. ನೀರಿನೊಳಗೆ ಅಡ್ಡಲಾಗಿ ಮಲಗಿ ಈಜಿದಾಗ ಸಿಲಿಂಡರ್ ಒಂದು ಬದಿಗೆ ವಾಲುತ್ತಿತ್ತು, ಅದರ ವಾಲ್ವ್ ತಲೆಯ ಹಿಂಭಾಗಕ್ಕೆ ತಗಲುತ್ತಿತ್ತು. ಎಲ್ಲಕ್ಕಿಂತ ಚಿಂತೆಗೀಡುಮಾಡಿದ್ದು ಒಳಗಿನ ಗಾಳಿಯನ್ನು ಹೊರಬಿಡುವ ಹಿಂಬದಿಯ ಡಂಪ್ ವಾಲ್ವಿನ ದಾರ: ಜಾಕೆಟ್ ಜಾರಿದಂತೆಲ್ಲ ಅದೂ ಜಾರಿ, ಬೇಕೆಂದಾಗ ಕೈಗೆ ಸಿಗುತ್ತಿರಲಿಲ್ಲ. ಗಾಳಿಯನ್ನು ತಕ್ಷಣ ಬಿಡಲಾಗದ ಬಿಸಿಡಿಯನ್ನು ಹೊತ್ತು ಯಾರೂ ಕಡಲಿಗಿಳಿಯಬಾರದು.

ಬಿಸಿಡಿಯ ಅಳತೆ ನೋಡುವ ಕ್ರಮ ಈ ಕಸುಬಿನಲ್ಲಿರುವವರಿಗೆಲ್ಲ ಗೊತ್ತಿರುವಂಥದ್ದು. ಕೊಳ್ಳುವವರು ತಾವು ಬಳಸುವ ವೆಟ್‌ಸೂಟಿನ ಮೇಲೆಯೇ ಅದನ್ನು ತೊಡಬೇಕು. ಬೆನ್ನಿಗೆ ಸಿಲಿಂಡರ್ ಕಟ್ಟಬೇಕು. ಎಲ್ಲ ಪಟ್ಟಿಗಳನ್ನು ಬಿಗಿದ ಮೇಲೆ ಹೆಚ್ಚುವರಿ ಒತ್ತಡದ ವಾಲ್ವ್ ತಾನಾಗಿ ಗಾಳಿ ಬಿಡುವವರೆಗೆ ತುಂಬಿ, ಉಸಿರಾಟ ಸರಾಗವಾಗಿದೆಯೇ, ಭುಜದ ಬಳಿ ಹಿಡಿದೆತ್ತಿದರೆ ಜಾಕೆಟ್ ಮೈಬಿಟ್ಟು ಮೇಲೇಳುತ್ತದೆಯೇ ಎಂದು ನೋಡಬೇಕು. ನಿಮ್ಮ ಮಳಿಗೆಯಲ್ಲಿ ಕಟ್ಟಿ ನೋಡಲು ಒಂದು ಖಾಲಿ ಸಿಲಿಂಡರ್ ಕೂಡ ಇರಲಿಲ್ಲ. ಚೂಡಿದಾರದ ಮೇಲೆ ತೊಡಿಸಿ, ಮಳೆಗಾಲಕ್ಕೆ ರೇನ್‌ಕೋಟ್ ಮಾರುವ ಹಾಗೆ ಮಾರಿದಿರಿ. ಕುಳ್ಳಗಿನ ಮುಂಡಕ್ಕೆಂದು, ಹೆಂಗಸರ ಭುಜ ಮತ್ತು ಎದೆಯ ಆಕಾರಕ್ಕೆಂದು ಪಟ್ಟಿಗಳ ತಿರುವನ್ನೇ ಬದಲಿಸಿ ಹೊಲಿದ ಬಿಸಿಡಿಗಳು ಬಹಳ ಕಾಲದಿಂದ ತಯಾರಾಗುತ್ತಿವೆ. ಅಂಥದ್ದೊಂದು ಇದೆ, ತರಿಸಿಕೊಡುತ್ತೇವೆ, ಕಾಯಿರಿ ಎಂದು ಹೇಳಿದ್ದರೆ ನಾನು ಸಂತೋಷದಿಂದ ಕಾಯುತ್ತಿದ್ದೆ.

ಇನ್ನು ಲಿಫ್ಟ್‌ನ ವಿಚಾರ. ಇದನ್ನು ತುಸು ವಿವರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ "ಲಿಫ್ಟ್ ಎಷ್ಟು ಹೆಚ್ಚಿದ್ದರೆ ಅಷ್ಟು ಸುರಕ್ಷಿತ" ಎಂಬ ಮಾತನ್ನು ನಿಮ್ಮ ಸಿಬ್ಬಂದಿ ನನ್ನ ಮುಂದೆಯೇ ಇನ್ನೊಬ್ಬ ಗ್ರಾಹಕರಿಗೂ ಹೇಳಿದರು. ನಮ್ಮ ಡೈವ್ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರನ್ನು 207 ಬಾರ್ ಒತ್ತಡದವರೆಗೆ ತುಂಬಿದಾಗ ಅದರೊಳಗಿನ ಗಾಳಿಯ ತೂಕವೇ ಸುಮಾರು 2.6 ಕಿ.ಗ್ರಾಂ ಆಗುತ್ತದೆ. ಡೈವಿನ ಕೊನೆಯಲ್ಲಿ ಈ ಗಾಳಿ ಬಹುಪಾಲು ಮುಗಿದು ಸಿಲಿಂಡರ್ ಹಗುರಾದಾಗಲೂ ನೀರಿನಲ್ಲಿ ತೂಗಿ ನಿಲ್ಲಬೇಕೆಂದು ನಾವು ಸೀಸದ ತೂಕವನ್ನು ಕಟ್ಟಿಕೊಂಡಿರುತ್ತೇವೆ. ಆದ್ದರಿಂದ ಡೈವಿನ ಆರಂಭದಲ್ಲಿ ಅಷ್ಟು ಭಾರ ಹೆಚ್ಚುವರಿಯಾಗಿಯೇ ಇರುತ್ತದೆ. ಇದಕ್ಕೆ ವೆಟ್‌ಸೂಟಿನ ಲೆಕ್ಕವನ್ನು ಸೇರಿಸಬೇಕು. ಆಳಕ್ಕೆ ಹೋದಂತೆ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರಿ, ಸೂಟಿನ ನಿಯೋಪ್ರೀನ್ ರಬ್ಬರಿನೊಳಗಿನ ಗಾಳಿಗುಳ್ಳೆಗಳು ಕುಗ್ಗಿ, ಸೂಟ್ ತನ್ನ ತೇಲುವ ಗುಣವನ್ನು ಕಳೆದುಕೊಳ್ಳುತ್ತದೆ. ಆದರೆ ನನ್ನಷ್ಟು ಸಣ್ಣ ಮೈಯವರ 3 ಮಿ.ಮೀ. ಸೂಟ್ ಕಳೆದುಕೊಳ್ಳುವುದು ಹೆಚ್ಚೆಂದರೆ ಒಂದೆರಡು ಕಿಲೋ. ಎರಡನ್ನೂ ಕೂಡಿಸಿದರೆ 5 ಕಿ.ಗ್ರಾಂ ದಾಟುವುದಿಲ್ಲ. ನೀರಿನ ಮೇಲೆ ತಲೆ ಎತ್ತಿ ನಿಲ್ಲಲು, ಬಿಚ್ಚಿಟ್ಟ ಬಿಸಿಡಿ ತನ್ನ ಸಿಲಿಂಡರ್ ಮತ್ತು ಸೀಸದ ಸಮೇತ ತಾನೇ ತೇಲಲು ಇನ್ನಷ್ಟು ಸೇರಿಸಿದರೂ 10ರಿಂದ 13 ಕಿ.ಗ್ರಾಂ ಲಿಫ್ಟ್ ನನಗೆ ಧಾರಾಳ. 22 ಕಿ.ಗ್ರಾಂ ಬೇಕಾಗುವುದು ತಣ್ಣೀರಿನಲ್ಲಿ ದಪ್ಪ ಸೂಟ್ ತೊಟ್ಟು ಬಹಳ ಸೀಸ ಹೊರುವವರಿಗೆ.

ಹೆಚ್ಚಾದರೆ ನಷ್ಟವೇನು ಎಂದು ನಿಮ್ಮ ಸಿಬ್ಬಂದಿ ದೂರವಾಣಿಯಲ್ಲಿ ಕೇಳಿದರು. ದೊಡ್ಡ ಗಾಳಿಚೀಲದಲ್ಲಿ ಸ್ವಲ್ಪ ಗಾಳಿ ಮಾತ್ರ ಇದ್ದಾಗ ಅದು ಮೈ ಹೊರಳಿದ ಕಡೆಗೆಲ್ಲ ಹರಿದಾಡುತ್ತದೆ. ಸಮತೋಲ ತಪ್ಪುತ್ತದೆ, ಮಡಿಕೆಗಳಲ್ಲಿ ಸಿಕ್ಕಿಕೊಂಡ ಗಾಳಿ ವಾಲ್ವಿನ ಬಳಿಗೆ ಬೇಗ ಬರುವುದಿಲ್ಲ, ಈಜುವಾಗ ನೀರಿನ ಎಳೆತವೂ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಚೀಲದೊಳಗಿದ್ದ ಒಂದು ಲೀಟರ್ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಲೀಟರ್ ಆಗುತ್ತದೆ. ಗಾಳಿ ತುಂಬುವ ಇನ್‌ಫ್ಲೇಟರ್ ಗುಂಡಿ ಸಿಕ್ಕಿಕೊಂಡು ಗಾಳಿ ತುಂಬುತ್ತಲೇ ಹೋದರೆ, ಚಿಕ್ಕ ಚೀಲ ತನ್ನ ಮಿತಿ ಮುಟ್ಟಿ ನಿಂತ ಮೇಲೂ ಈ ದೊಡ್ಡ ಚೀಲ ಹಿಗ್ಗುತ್ತಲೇ ಇದ್ದು, ತೊಟ್ಟವರನ್ನು ರಭಸದಿಂದ ಮೇಲಕ್ಕೆ ಎಳೆಯುತ್ತದೆ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬೇಡಿ ಎಂದು ನಮಗೆ ಕಲಿಸುವುದು ಶ್ವಾಸಕೋಶಕ್ಕೆ ಆಗುವ ಹಾನಿಯೂ ರಕ್ತದಲ್ಲಿ ಏಳುವ ಗುಳ್ಳೆಗಳೂ ಪ್ರಾಣಾಂತಿಕವಾಗಬಹುದು ಎಂಬ ಕಾರಣಕ್ಕೆ. ಇದನ್ನೆಲ್ಲ ಅರಿತವರು ಅಷ್ಟು ಸಲೀಸಾಗಿ ಆ ಪ್ರಶ್ನೆ ಕೇಳುತ್ತಿರಲಿಲ್ಲ.

ನನ್ನ ಹಣಕ್ಕಿಂತ ದೊಡ್ಡದಾದ ಮತ್ತೊಂದು ವಿಷಯವಿದೆ. ಇದೇ ಬಿಸಿಡಿಯನ್ನು ನಿಮ್ಮ ಜಾಲತಾಣದಲ್ಲಿ "ಲೈಫ್ ಜಾಕೆಟ್ ಆಗಿಯೂ ಬಳಸಬಹುದು" ಎಂದು ವರ್ಣಿಸಿದ್ದೀರಿ. ಅದರ ಒಳಬದಿಗೆ ಹೊಲಿದಿರುವ ಪಟ್ಟಿಯ ಮೇಲೆಯೇ, ಇದು ಲೈಫ್ ಜಾಕೆಟ್ ಅಲ್ಲ, ನೀರಿನ ಮೇಲೆ ತೊಟ್ಟವರ ತಲೆ ಮೇಲ್ಮುಖವಾಗಿ ಇರುತ್ತದೆಂಬ ಖಾತರಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಬಿಸಿಡಿಗಳಿಗೆ ಅನ್ವಯಿಸುವ ಯುರೋಪಿನ ಇಎನ್ 1809 ಮಾನಕ ಆ ಎಚ್ಚರಿಕೆಯನ್ನು ಕೇಳುತ್ತದೆ. ಪ್ರಜ್ಞೆ ತಪ್ಪಿದವರನ್ನು ಮುಖ ಮೇಲಾಗಿಸಿ ತೇಲಿಸುವುದು ಲೈಫ್ ಜಾಕೆಟ್ಟಿನ ಕೆಲಸ. ಗಾಳಿಯ ಹಂಚಿಕೆಗೆ ತಕ್ಕಂತೆ ಬಿಸಿಡಿ ಅವರನ್ನು ಮುಖ ಕೆಳಗಾಗಿಯೂ ಮಲಗಿಸಬಹುದು. ನಮ್ಮ ಊರಿನಲ್ಲಿ ಕಡಲಿಲ್ಲ. ಈಜುಕೊಳದಲ್ಲಿ ಕಲಿತು ರಜೆಯಲ್ಲಿ ಕರಾವಳಿಗೆ ಹೋಗುವ ಇಲ್ಲಿನ ಹೊಸಬರು ಅಂಗಡಿಯವರ ಮಾತನ್ನೇ ನಂಬುತ್ತಾರೆ. ನಿಮ್ಮ ಆ ಒಂದು ಸಾಲನ್ನು ನಂಬಿ ಯಾರಾದರೂ ದೋಣಿಯಲ್ಲಿ ಮಗುವಿಗೆ ಇದನ್ನು ತೊಡಿಸಿದರೆ ಏನಾದೀತೆಂದು ದಯವಿಟ್ಟು ಯೋಚಿಸಿ.

ಪರೀಕ್ಷೆಯ ಮರುದಿನವೇ ಬಿಸಿಡಿಯನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಚೀಟಿಗಳ ಸಮೇತ ನಿಮ್ಮ ಮಳಿಗೆಗೆ ತಂದಿದ್ದೆ. ನೀರಿಗೆ ಇಳಿಸಿದ ಸರಕನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. ನೀರಿಗಿಳಿಸದೆ ಇದರ ಹೊಂದಾಣಿಕೆಯನ್ನು ಪರೀಕ್ಷಿಸುವ ಏರ್ಪಾಡು ನಿಮ್ಮಲ್ಲಿ ಇಲ್ಲದಿರುವಾಗ ಈ ಉತ್ತರವನ್ನು ನಾನು ಒಪ್ಪಲಾರೆ. ಬಿಲ್ಲಿನಲ್ಲಿ ಹಿಂಪಡೆಯುವ ಅವಧಿಯನ್ನು ನೀವು ನಮೂದಿಸಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(47)ರಲ್ಲಿ, ಸರಕಿನ ಉಪಯುಕ್ತತೆಯ ಬಗ್ಗೆ ದಾರಿತಪ್ಪಿಸುವ ವಿವರಣೆ ಕೊಡುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಹೇಳಿದೆ; ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲವಾದರೆ 30 ದಿನಗಳೊಳಗೆ, ಹಿಂಪಡೆದು ಹಣ ಕೊಡಲು ನಿರಾಕರಿಸುವುದೂ ಅದೇ ವ್ಯಾಖ್ಯಾನದಲ್ಲಿ ಸೇರಿದೆ.

ಆದ್ದರಿಂದ ಬಿಸಿಡಿಯನ್ನು ಹಿಂಪಡೆದು ನಾನು ಕೊಟ್ಟ ಪೂರ್ಣ ಮೊತ್ತವನ್ನು ಮರಳಿಸಬೇಕೆಂದು ಕೋರುತ್ತೇನೆ. ಬದಲಿಗೆ ಬೇರೆ ಸರಕು ಕೊಳ್ಳುವ ಚೀಟಿ ನನಗೆ ಬೇಡ. ಲೈಫ್ ಜಾಕೆಟ್ ಎಂಬ ಮಾತನ್ನು ಜಾಲತಾಣದಿಂದ ಇಂದೇ ತೆಗೆದುಹಾಕಬೇಕು. ಇದಕ್ಕೆ ನನ್ನ ಹಣದ ತೀರ್ಮಾನ ಆಗುವವರೆಗೆ ಕಾಯುವ ಅಗತ್ಯವಿಲ್ಲ. ಆ ವಿವರಣೆಯನ್ನು ನಂಬಿ ಈಗಾಗಲೇ ಕೊಂಡವರ ದೂರವಾಣಿ ಸಂಖ್ಯೆಗಳು ನಿಮ್ಮ ಬಿಲ್ಲುಗಳಲ್ಲಿ ಇರುವುದರಿಂದ, ಅವರಿಗೆಲ್ಲ ಕರೆ ಮಾಡಿ ತಿಳಿಸಬೇಕು. ಮಳಿಗೆಯಲ್ಲಿ ಒಂದು ಸಿಲಿಂಡರನ್ನೂ ಕೆಲವು ಅಳತೆಯ ವೆಟ್‌ಸೂಟುಗಳನ್ನೂ ಇಟ್ಟು, ಬಿಸಿಡಿ ಕೇಳಿ ಬಂದವರಿಗೆ ತೊಡಿಸಿ ನೋಡಿದ ನಂತರವೇ ಬಿಲ್ ಮಾಡುವ ಪದ್ಧತಿಯನ್ನು ತರಬೇಕೆಂಬುದು ನನ್ನ ಪ್ರಾರ್ಥನೆ. ನಿಮ್ಮ ಸಿಬ್ಬಂದಿಗೆ ಇದನ್ನು ತೋರಿಸಿಕೊಡಲು ನನ್ನ ತರಬೇತುದಾರರು ಒಪ್ಪಿದ್ದಾರೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ನಂತರ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ಹೋಗುತ್ತೇನೆ. ಬಿಲ್ಲಿನ ಪ್ರತಿ, ಜಾಲತಾಣದ ಪುಟದ ಚಿತ್ರ, ಹೊಲಿದ ಪಟ್ಟಿಯ ಛಾಯಾಚಿತ್ರ ಹಾಗೂ ಈಜುಕೊಳದ ಪರೀಕ್ಷೆಯ ಬಗ್ಗೆ ತರಬೇತುದಾರರು ಬರೆದುಕೊಟ್ಟ ಟಿಪ್ಪಣಿಯನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಗ್ರಾಹಕಿ (ಸಹಿ)